ಬಾಗಿಲಲ್ಲಿ ಕೂತವನ ಎಣಿಕೆ

ಮೀನು ಕೆಡದಂತಿಡುವ ಮಂಜುಕೋಣೆಯ ಬಾಗಿಲಿಗೆ ತಾನಾಗಿ ತೆರೆದುಕೊಳ್ಳುವ ಅಭ್ಯಾಸವಿರಲಿಲ್ಲ, ಮುಚ್ಚಿಕೊಳ್ಳುವ ಅಭ್ಯಾಸ ಮಾತ್ರ ಇತ್ತು. ಗೇಣು ದಪ್ಪದ ಆ ಹಲಗೆ ಇಳಿಜಾರು ಕಂಬಿಯ ಮೇಲೆ ಜಾರಿ ಬಂದು ಚೌಕಟ್ಟಿಗೆ ಕೂತುಬಿಟ್ಟರೆ ಹೊರಗಿನಿಂದ ಇಬ್ಬರು ಗಂಡಸರು ಎಳೆಯಬೇಕು. ಒಳಗಿನ ಹಿಡಿ ಮುರಿದು ಎರಡು ವರ್ಷವಾಗಿತ್ತು. ಮರದ ಬೆಣೆ ಇಟ್ಟು ನೋಡಿದ್ದರು. ಹಿಮಗಟ್ಟಿದ ನೆಲದಲ್ಲಿ ಅದು ನಿಲ್ಲಲಿಲ್ಲ. "ಬೆಣೆ ಜಾರುತ್ತೆ, ಮನುಷ್ಯ ಜಾರಲ್ಲ," ಎಂದು ಮೇಸ್ತ್ರಿ ಹೊಸ್ತಿಲಲ್ಲಿ ಒಂದು ಸ್ಟೂಲು ಹಾಕಿಸಿ, ಒಬ್ಬ ಆಳನ್ನು ಬಾಗಿಲಂಚಿಗೆ ಬೆನ್ನು ಕೊಟ್ಟು ಕೂರಿಸಿದ್ದ. ಮೀನಿನ ಪೆಟ್ಟಿಗೆ ಹೊತ್ತು ಒಳಹೋಗುವವರನ್ನೂ ಹೊರಬರುವವರನ್ನೂ ಗಟ್ಟಿಯಾಗಿ ಎಣಿಸುವುದು ಅವನ ಕೆಲಸ.

ಅಲ್ಲೇ ಕೆಲಸಕ್ಕಿದ್ದ ಅಕ್ಕನೊಬ್ಬಳ ತಮ್ಮ ಆ ಆಳು. ಹೆಸರು ಹಿಡಿದು ಅವನನ್ನು ಕರೆಯುವವರಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಕುರಿಗಾಹಿ.

"ಹನ್ನೊಂದು ಹೋದ್ರು, ಹನ್ನೊಂದು ಬಂದ್ರು," ಎಂದು ಅವನು ಕೂಗಿದರೆ, ಪೆಟ್ಟಿಗೆಯವರಲ್ಲಿ ಒಬ್ಬ ಮೇಕೆಯ ಹಾಗೆ ಅರಚುತ್ತಿದ್ದ. "ನಿನ್ನನ್ನ ಎಣಿಸ್ಕೊಂಡ್ಯೇನಯ್ಯಾ? ಹೊಳೆ ದಾಟಿದ ಮೂಢರ ಲೆಕ್ಕ ಆದೀತು."

"ಕಾಯೋನು ಲೆಕ್ಕದಲ್ಲಿ ಬರಲ್ಲ ಮಾರಾಯ," ಎನ್ನುತ್ತಿದ್ದ ತಮ್ಮ.

ಪಕ್ಕದ ಕೋಣೆಯಲ್ಲಿ ಖಾಲಿ ಪೆಟ್ಟಿಗೆ ತೊಳೆಯುತ್ತಿದ್ದ ಅಕ್ಕನಿಗೆ ಈ ಮಾತು ಕೇಳಿದಾಗಲೆಲ್ಲ ಎದೆಯಲ್ಲಿ ಮುಳ್ಳಾಡುತ್ತಿತ್ತು. ಅದನ್ನು ಅವನ ಬಾಯಿಗೆ ಹಾಕಿದವಳು ಅವಳೇ. ತಾಯಿ ಸತ್ತ ಮೇಲೆ ಸಂಜೆಸಂಜೆ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು, ತಾಯಿ ಹೇಳುತ್ತಿದ್ದ ರಾಗದಲ್ಲೇ ಬೈಬಲಿನ ವಾಕ್ಯ ಒಪ್ಪಿಸುತ್ತಿದ್ದಳು: ಹಟ್ಟಿಗೆ ತಾನೇ ಬಾಗಿಲಾಗಿ ಮಲಗುವ ಕುರಿಗಾಹಿ, ತೋಳ ಕಂಡೊಡನೆ ಓಟ ಕೀಳುವ ಕೂಲಿಯಾಳು, ಕುರಿಗಳಿಗಾಗಿ ಪ್ರಾಣವನ್ನೇ ಕೊಡುವ ಪ್ರೀತಿ. ಕೇಳಿದವರೆಲ್ಲ ತಲೆದೂಗಿ ಮನೆಗೆ ಹೋಗುವ ಮಾತು ಅದು. ತಮ್ಮ ಒಬ್ಬನೇ ಅದನ್ನು ಕೆಲಸ ಹೇಳಿದಂತೆ ಕೇಳಿಸಿಕೊಂಡಿದ್ದ.

ಆ ವಾರ ವಾಸನೆ ಶುರುವಾಯಿತು. ಈರುಳ್ಳಿ ಹೆಚ್ಚಿದಂತೆ ಕಣ್ಣುರಿ, ಮೂಗಿನ ತುದಿಯಲ್ಲಿ ಮೂತ್ರದ ಘಾಟು. ಕೋಣೆಯನ್ನು ತಣ್ಣಗಿಡಲು ಕೊಳವೆಯಲ್ಲಿ ಹರಿಯುವ ಅಮೋನಿಯಾ ಎಲ್ಲೋ ಉಸಿರು ಬಿಡುತ್ತಿತ್ತು. "ಭಾನುವಾರ ಯಂತ್ರ ನಿಲ್ಲಿಸಿ ನೋಡೋಣ," ಎಂದ ಮೇಸ್ತ್ರಿ. ಕೋಣೆಯ ಮೂಲೆಯಲ್ಲಿ ಹಿಮ ಹಳದಿಗಟ್ಟಿತ್ತು. ಮಾಡಿನ ಗುಬ್ಬಿಗಳು ಯಾವತ್ತು ಹೋದವೋ ಯಾರೂ ಗಮನಿಸಲಿಲ್ಲ.

"ಕೊಳವೆ ಒಡೆದ್ರೆ ಏನ್ ಮಾಡ್ತೀಯ?" ಎಂದು ಮನೆಯಲ್ಲಿ ಅಕ್ಕ ಕೇಳಿದಳು.

ತಮ್ಮ ಬೂಟಿನ ದಾರ ಬಿಚ್ಚುತ್ತಿದ್ದ. "ಕೂತಿರ್ತೀನಿ. ಎಲ್ಲರೂ ಬರೋವರೆಗೆ."

"ಆಮೇಲೆ?"

"ಆಮೇಲಿನ ವಾಕ್ಯ ನೀನು ಕಲಿಸ್ಲಿಲ್ವಲ್ಲಕ್ಕ," ಎಂದು ನಕ್ಕ.

ಅವಳಿಗೆ ನಗು ಬರಲಿಲ್ಲ. ಮರುದಿನ ಬೆಳಿಗ್ಗೆ ಮೇಸ್ತ್ರಿಯ ಮುಂದೆ ನಿಂತು, ಹುಟ್ಟಿದಾಗಿನಿಂದ ಆಡದ ಸುಳ್ಳೊಂದನ್ನು ಆಡಿದಳು. "ತಮ್ಮನಿಗೆ ಎಣಿಕೆ ತಪ್ತಾ ಇದೆ. ಬಾಯಿಬಿಟ್ಟು ಹೇಳಲ್ಲ ಅವನು. ನನ್ನ ಜೊತೆ ತೊಳೆಯೋಕೆ ಹಾಕಿ."

ಮೇಸ್ತ್ರಿ ಅರ್ಧವನ್ನಷ್ಟೇ ಕೇಳಿಸಿಕೊಂಡ. ಸ್ಟೂಲಿನ ಮೇಲೆ ಹೊಸ ದಿನಗೂಲಿಯವನೊಬ್ಬ ಕೂತ. ಪೆಟ್ಟಿಗೆಯವರಲ್ಲಿ ಒಬ್ಬ ರಜೆಯಲ್ಲಿದ್ದ. ಆ ಜಾಗಕ್ಕೆ, ಮಂಜುಕೋಣೆಯ ಒಳಕ್ಕೆ, ತಮ್ಮನನ್ನು ಹಾಕಿದ.

"ನಾನು ಎಣಿಕೆ ತಪ್ಪಿದ್ದು ಯಾವತ್ತಕ್ಕ?" ಎಂದಷ್ಟೇ ಕೇಳಿದ ತಮ್ಮ. ಅವಳು ಪೆಟ್ಟಿಗೆ ಉಜ್ಜುತ್ತಲೇ ಇದ್ದಳು. ಮತ್ತೆ ಮೇಸ್ತ್ರಿಯ ಹತ್ತಿರ ಹೋದಳು. "ನೀನು ಹೇಳಿದ್ದಕ್ಕೇ ತೆಗೆದೆ, ನೀನು ಹೇಳಿದ್ದಕ್ಕೇ ಕೂರಿಸ್ಲಾ? ಇದೇನು ನಿಮ್ಮನೆ ಜಗಲಿನಾ?" ಎಂದ ಅವನು.

ಮೂರನೆಯ ದಿನ, ಹೊತ್ತು ನೆತ್ತಿಗೇರುವ ಮುಂಚೆ, ಗೋಡೆಯಾಚೆ ಗಡಿಗೆ ಒಡೆದಂಥ ಸದ್ದಾಯಿತು. ದಿನಗೂಲಿಯವನು ಮೂಗು ಮುಚ್ಚಿಕೊಂಡು ಓಡಿ ಬಂದ.

"ಒಳಗೆ ಜನ ಇದಾರಲ್ಲೋ!" ಎಂದಳು ಅಕ್ಕ.

"ನನಗೂ ಮಕ್ಕಳಿದಾವಮ್ಮ, ದಾರಿ ಬಿಡು," ಎಂದು ಅವಳನ್ನು ಸರಿಸಿಕೊಂಡು ಹೋದ.

ಕಂಬಿಯ ಮೇಲೆ ಚಕ್ರ ಉರುಳುವ ಶಬ್ದ ಕೇಳಿಸಿತು. ಒದ್ದೆ ತಲೆವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಅಕ್ಕ ಓಡಿದಳು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಮೊಳದಷ್ಟು ಬೆಳಕು ಉಳಿದಿತ್ತು. ಒಬ್ಬಳೇ ಎಳೆದು ನಿಲ್ಲಿಸುವ ಬಾಗಿಲಲ್ಲ ಅದು. ಹೊಸ್ತಿಲ ಮೇಲೆ ಅಡ್ಡಡ್ಡ ಕೂತು ಬೆನ್ನು ಚೌಕಟ್ಟಿಗೆ ಕೊಟ್ಟಳು. ಬಾಗಿಲು ಬಂದು ಮೊಣಕಾಲಿಗೆ ಕೂತಿತು. ಏನೋ ಮುರಿಯಿತು. ಬಾಗಿಲು ನಿಂತಿತು.

ಒಳಗೆ ಬಿಳಿ ಹೊಗೆ. ಯಾರಿಗೂ ಕಣ್ಣು ತೆರೆಯಲಾಗುತ್ತಿಲ್ಲ, ಗೋಡೆಯಿಂದ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಾರೆ. ಅವಳು ಬಟ್ಟೆ ಸರಿಸಿ ಕೂಗಿದಳು. "ಒಂದು!" ಯಾರೂ ಇನ್ನೂ ಬಂದಿರಲಿಲ್ಲ. ಕೂಗು ಕೇಳಿದ ಕಡೆಗೆ ಒಂದು ಕೈ ತಡಕಿತು, ಒಂದು ದೇಹ ಅವಳ ಮೇಲಿನಿಂದ ತೂರಿ ಹೋಯಿತು. "ಎರಡು!" ಒಂದೊಂದು ಅಂಕಿಗೂ ಒಂದೊಂದು ಗುಕ್ಕು ಬೆಂಕಿ ನುಂಗಬೇಕಿತ್ತು. ಒಂಬತ್ತಕ್ಕೆ ದನಿ ಸತ್ತಿತು. ಹತ್ತನೆಯವನು ಬಂದಾಗ ಅವನ ಹೆಗಲ ಮೇಲೆ ಇನ್ನೊಬ್ಬ ಜೋತುಬಿದ್ದಿದ್ದ, ತಲೆ ಕೆಳಗೆ, ಕಣ್ಣು ಮುಚ್ಚಿ. ಅವಳ ಕೈ ತಮ್ಮನ ತಲೆಯ ಮೇಲೆ ಒಂದು ಕ್ಷಣ ಆಡಿತು. ಹನ್ನೊಂದು, ಎಂದುಕೊಂಡಳು ಮನಸ್ಸಿನಲ್ಲೇ.

ಇನ್ನು ಬಾಗಿಲು ಮುಚ್ಚಿದರೂ ಆದೀತು. ಆದರೆ ಕಾಲು ಬಿಡಿಸಿಕೊಳ್ಳಲು ಆಗಲಿಲ್ಲ.

ಅಂಗಳದಲ್ಲಿ ಕೆಮ್ಮು, ವಾಂತಿ, ಯಾರೋ ನೀರು ಎರಚುವ ಸದ್ದು. ಬಹಳ ಹೊತ್ತಿನ ಮೇಲೆ ತಮ್ಮನ ದನಿ ಕೇಳಿತು, ಒಡಕು ದನಿ. ಅವನು ಎಣಿಸುತ್ತಿದ್ದ.

"...ಹತ್ತು. ನಾನು ಹನ್ನೊಂದು. ಎಲ್ಲಾ ಬಂದ್ರು."

"ಬಂದ್ವಪ್ಪಾ," ಎಂದ ಮೇಕೆಯಂತೆ ಅರಚುತ್ತಿದ್ದವನು. "ಆ ಕೂಲಿಯವನೂ ಅಲ್ಲಿ ಗೇಟಿನ ಹತ್ರ ನಿಂತಿದಾನೆ, ಬದುಕಿದ."

"ಅವನು ಅಲ್ಲಿದ್ರೆ," ಎಂದ ತಮ್ಮ ನಿಧಾನವಾಗಿ, "ಬಾಗಿಲಲ್ಲಿ ಎಣಿಸಿದ್ದು ಯಾರು?"

ಅಕ್ಕನ ಗಂಟಲಲ್ಲಿ ಕೆಮ್ಮು ನುಗ್ಗಿ ಬಂತು. ತಲೆವಸ್ತ್ರವನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಅವನಿಗೆ ಕೇಳಿಸಬಾರದು. ಅವನು ಬರಬಾರದು. ಈ ಒಂದು ಸಲ ಅವನ ಎಣಿಕೆ ತಪ್ಪಲಿ ದೇವರೇ.

"ಅಕ್ಕಾ," ಎಂದು ಕರೆಯಿತು ಆ ದನಿ. "ಲೋ, ಹಿಡ್ಕೊಳ್ರೋ ಅವನನ್ನ," ಎಂದರು ಯಾರೋ. ಆಮೇಲೆ ದಾರ ಕಟ್ಟದ ಬೂಟುಗಳ ಸಪ್ಪಳ, ಒಂದು ಜೊತೆ, ಹೊಗೆಯ ಕಡೆಗೆ ಬರತೊಡಗಿತು.