ಕೆಂಡದ ಮೇಲೆ ಬಾಳೆಕಾಯಿ

ಪಟ್, ಪಟ್, ಪಟ್. ಭಾನುವಾರದ ಇಳಿಹೊತ್ತಿಗೆ ಗೋಡೆಯಾಚೆಯಿಂದ ಈ ಸದ್ದು ಬಂತೆಂದರೆ ನೆರೆಮನೆಯ ಊರಮ್ಮ ಮೊರ ಹಿಡಿದು ಕೆಂಡದ ಮುಂದೆ ಕೂತಿದ್ದಾಳೆ ಎಂದೇ ಅರ್ಥ. ಅಕ್ಕಿ ಕೇರುವ ಮೊರವೇ ಅವಳಿಗೆ ಬೀಸಣಿಗೆ. ಒಂದು ಬೀಸಿಗೆ ಒಂದು ಉಸಿರು ಎಂಬ ಲಯದಲ್ಲಿ ಗಾಳಿ ಹಾಕುತ್ತಾಳೆ. ಅವಸರದವರು ಬೂದಿ ಎಬ್ಬಿಸುವ ಕಡೆ ಊರಮ್ಮ ಉರಿ ಎಬ್ಬಿಸುತ್ತಾಳೆ.

ಕಂಪ್ಲಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಅದರಾಚೆ ಊರಮ್ಮ ಸದಾ ಕಾಣುವುದು ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು, ತೋಳನ್ನು ಮೊಣಕೈವರೆಗೆ ಮಡಚಿಕೊಂಡೇ. ಗದ್ದೆಯಲ್ಲಿ ನಾಟಿ ಹಚ್ಚುವಾಗ ಹೀಗೆ ಅಂಗಿ ತೊಡುವುದು ಇಲ್ಲಿನ ಹೆಂಗಸರಿಗೆಲ್ಲ ರೂಢಿ. ಇವಳು ಮಾತ್ರ ಮನೆಗೆ ಬಂದ ಮೇಲೂ ಅದನ್ನು ಕಳಚುವುದಿಲ್ಲ. ಬದುವಿನ ಮೇಲೆ ನಡೆದು ನಡೆದು, ಅಗಲವಾದ ಡಾಂಬರು ರಸ್ತೆಯಲ್ಲೂ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ಗೆರೆ ಎಳೆದಂತೆ ಇಡುತ್ತಾಳೆ. ಬಾಯಿ ತೆರೆದರೆ ಮೊದಲ ಮಾತು, "ಇರ್ಲಿ, ನೋಡಾಣ." ಕೈ ಸುಟ್ಟುಕೊಂಡರೂ ಇರ್ಲಿ, ಕಾಲುವೆಗೆ ನೀರು ಬಿಡುವುದು ತಡವಾದರೂ ನೋಡಾಣ.

ಹಾಗೆನ್ನಲಾಗದ ಸಂಗತಿಯೊಂದು ಅವಳ ಮನೆಯೊಳಗೇ ನಡೆಯಿತು. ಗಂಡ ಪಕ್ಕೀರಪ್ಪ ಅಕ್ಕಿ ಮಿಲ್ಲಿನಲ್ಲಿ ಮಷೀನು ರಿಪೇರಿ ಮಾಡುವವನು. ಭಾನುವಾರಗಳಲ್ಲಿ ಗೆಳೆಯರೊಂದಿಗೆ ಕಾಲುವೆಯ ದಂಡೆಯಲ್ಲಿ ಕೂತು ಕೆಂಡದ ಮೇಲೆ ಮಟನ್ ಸುಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೋದ ವರ್ಷ ಅವನ ತಾಯಿ ತಾಯಕ್ಕ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದಾಗ ಪಕ್ಕೀರಪ್ಪ ನೇರ ಹಂಪಿಗೆ ಹೋಗಿ, ವಿರೂಪಾಕ್ಷನ ಮುಂದೆ ಕೈಮುಗಿದು, ತಾಯಿ ಬದುಕಿದರೆ ಜೀವ ಇರುವವರೆಗೂ ಖಂಡ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತ. ತಾಯಿ ಬದುಕಿದಳು, ಮಗ ಮಾತು ಉಳಿಸಿಕೊಂಡ. ಆದರೆ ಖಂಡದ ಜೊತೆಗೆ ಕಾಲುವೆಯ ದಂಡೆಯನ್ನೂ ಗೆಳೆಯರನ್ನೂ ಬಿಟ್ಟ. ಆ ವಾಸನೆಯ ಪಕ್ಕ ಕೂತರೆ ಮನಸ್ಸು ಜಾರೀತೆಂಬ ಭಯ. ಭಾನುವಾರ ಬಂತೆಂದರೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಕರೆಯಲು ಬಂದ ಗೆಳೆಯರು ಬಾಗಿಲಿನಿಂದಲೇ ಹಿಂದಿರುಗಿ, ಕೊನೆಗೆ ಬರುವುದನ್ನೇ ನಿಲ್ಲಿಸಿದರು. ಕಟ್ಟೆಯ ಮೇಲೆ ಕೂತ ತಾಯಕ್ಕ ನನ್ನ ಹೆಂಡತಿಗೆ ಹೇಳಿದಳು: "ನಾ ಬದುಕಿದ್ನಿ, ಇವನ ಬಾಯಿ ಸತ್ತೋತು ನೋಡವ್ವ."

ಊರಮ್ಮನ ವಾದವೇ ಬೇರೆ. "ಅವ್ರು ದೇವ್ರಿಗೆ ಬಿಟ್ಟಿದ್ದು ಖಂಡ, ಅಣ್ಣಾರ. ಐತವಾರನೂ ಬಿಡ್ತೀನಿ ಅಂದಿದ್ರೇನು?"

ಹಾಗೆಂದವಳು ಕೆಲಸಕ್ಕೆ ನಿಂತಳು. ಅಂಗಡಿಯಿಂದ ಮೀಲ್ ಮೇಕರ್ ಎಂಬ ಸೋಯಾ ಉಂಡೆಗಳನ್ನು ತಂದು, ಬಿಸಿನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಂತೆ ಹಿಂಡಿ, ಮೊಸರು, ಶುಂಠಿ, ಬೆಳ್ಳುಳ್ಳಿ ಹಚ್ಚಿಟ್ಟಳು. ಹುರಿದ ಗಸಗಸೆ, ಒಣಕೊಬ್ಬರಿ, ಚಕ್ಕೆ, ಕಲ್ಲುಹೂವು, ಮಟನ್ನಿಗೆ ಬೀಳುವ ಮಸಾಲೆಯೆಲ್ಲ ಅದಕ್ಕೂ ಬಿತ್ತು. ಬಳ್ಳಾರಿ ಜಾಲಿಯ ಇದ್ದಿಲಿನ ಮೇಲೆ ಸುಟ್ಟಳು. ಮೊದಮೊದಲು ಅದು ಒಣಗಿ ಬೆಂಡಾಯಿತು, ಆಮೇಲೆ ಹೊರಗೆ ಕರಕಲಾಗಿ ಒಳಗೆ ಹಸಿ ಉಳಿಯಿತು. ನಮ್ಮ ಮನೆಗೂ ತಟ್ಟೆ ಬರುತ್ತಿತ್ತು. ಹೇಗಿದೆ ಎಂದು ಅವಳು ಎಂದೂ ಕೇಳುತ್ತಿರಲಿಲ್ಲ; ಗೋಡೆಗೆ ಒರಗಿ ನಿಂತು, ನಮ್ಮ ಕೈ ಎರಡನೇ ತುಂಡಿಗೆ ಹೋಗುತ್ತದೆಯೇ ಎಂದು ನೋಡುತ್ತಿದ್ದಳು. ಬೇಸಿಗೆ ಕಳೆಯುವಷ್ಟರಲ್ಲಿ ನಾರು, ಹೊಗೆ, ಖಾರ, ಎಲ್ಲವೂ ಥೇಟು ಖಂಡದ ಹಾಗೇ ಆಗಿತ್ತು.

ತಪ್ಪಾದದ್ದೂ ಅಲ್ಲಿಯೇ. ಜೋಳದ ರೊಟ್ಟಿಯ ಜೊತೆ ಗಂಡನ ಮುಂದೆ ಅದನ್ನಿಟ್ಟಾಗ ಏನೆಂದು ಹೇಳಲಿಲ್ಲ. ತಿಂದ ಮೇಲೆ ಹೇಳಿ ನಗಿಸೋಣ ಎಂಬ ಆಸೆ. ಪಕ್ಕೀರಪ್ಪ ಒಂದು ತುಂಡು ಬಾಯಿಗಿಟ್ಟ, ಕಣ್ಣು ತಾನಾಗಿ ಮುಚ್ಚಿತು. ಮರುಕ್ಷಣ ಮುಖ ಬಿಳಿಚಿಕೊಂಡು, ಅಂಗಳಕ್ಕೆ ಓಡಿ ಉಗುಳಿ, ಉಟ್ಟ ಬಟ್ಟೆಯಲ್ಲೇ ಕಾಲುವೆಗೆ ಇಳಿದ. ಹಿಂದೆಯೇ ಮೀಲ್ ಮೇಕರಿನ ಖಾಲಿ ಪೊಟ್ಟಣ ಹಿಡಿದು ಓಡಿದ ಊರಮ್ಮನಿಗೆ ನೀರಿನೊಳಗಿಂದಲೇ ಅಂದ: "ಅದೇನರ ಇರ್ಲಿ. ಬಾಯಿಗೆ ಖಂಡ ಅನಿಸ್ತು, ಖುಷಿನೂ ಆತು. ದೇವ್ರಿಗೆ ಏನಂತ ಹೇಳ್ಲಿ ಈಗ?"

 ಸೋಯಾ ಕಾಳಿನಿಂದ ಮಾಡಿದ್ದು, ಹರಕೆಗೆ ಭಂಗವೇನೂ ಬಂದಿಲ್ಲ ಎಂದು ಮರುದಿನ ನಾನು ಗೋಡೆಯ ಬಳಿ ಸಮಾಧಾನ ಹೇಳಹೋದೆ. ಊರಮ್ಮ ತಲೆಯಾಡಿಸಿದಳು. "ಹಂಗಲ್ರಿ. ಆ ನಾಲಿಗಿನ ಕಟ್ಟಿಹಾಕಾಕ ಅವ್ರು ಎಷ್ಟು ಒದ್ದಾಡ್ಯಾರ. ನಾ ಹೋಗಿ ಗಂಟು ಬಿಚ್ಚಿದ್ನಿ. ಇರ್ಲಿ, ನೋಡಾಣ."

ಮಟನ್ ಮಸಾಲೆ ಅಂದಿಗೆ ಮುಗಿಯಿತು. ಕಮಲಾಪುರದ ತೋಟದಿಂದ ಬಾಳೆಕಾಯಿ ತಂದು, ಸಿಪ್ಪೆ ಸಮೇತ ಕೆಂಡದಲ್ಲಿ ಹೂತು, ಕಪ್ಪಾದ ಮೇಲೆ ಸುಲಿದು ತುಂಡು ಮಾಡಿದಳು. ಹುಣಸೆರಸಕ್ಕೆ ಬೆಲ್ಲ, ಒಣಮೆಣಸಿನಕಾಯಿ, ಉಪ್ಪು ಸೇರಿಸಿ ಅಂಟುವಷ್ಟು ಕುದಿಸಿ ಮೇಲೆ ಹಚ್ಚಿದಳು. ಕಬ್ಬನ್ನು ತೆಳ್ಳಗೆ ಸೀಳಿ ಚೂಪು ಮಾಡಿದ ಕಡ್ಡಿಗಳಿಗೆ ಪೋಣಿಸಿ ಮತ್ತೆ ಕೆಂಡದ ಮೇಲಿಟ್ಟರೆ ಒಳಗಿನಿಂದ ಕಬ್ಬಿನ ಹಾಲು, ಹೊರಗಿನಿಂದ ಹುಣಸೆ-ಬೆಲ್ಲ. ನೋಡಿದವರಿಗೂ ತಿಂದವರಿಗೂ ಅದು ಬಾಳೆಕಾಯಿಯೇ.

ಕಳೆದ ಭಾನುವಾರ, ಗಂಡನಿಗೆ ಮೊದಲೇ ಹೇಳಿಯೇ, ಆಟೋ ಓಡಿಸುವ ಅಂಜಿನಿಯನ್ನು ಕರೆಸಿದಳು. ಕಾಲುವೆ ದಂಡೆಯ ಕಾಲದ ಗೆಳೆಯ. ಪಕ್ಕೀರಪ್ಪ ಒಳಗೇ ಕೂತಿದ್ದ. ಅಂಜಿನಿ ಅಂಗಳದಿಂದಲೇ ಶುರು ಮಾಡಿದ.

"ಏನಲೇ ಪಕ್ಕ್ಯಾ, ಬಾಳಿಕಾಯಿ ತಿನ್ನಾಕ ಕರ್ದು ನನ್ನ ಮರ್ಯಾದಿ ತಗದಿಯಲ್ಲಲೇ. ಸ್ಟ್ಯಾಂಡಿನಾಗ ನಾ ಏನಂತ ಹೇಳ್ಲಿ?"

 ಅಂಜಿನಿ ಕಡ್ಡಿಗಳನ್ನು ತಿರುವತೊಡಗಿದ. ಒಂದು ಮುರಿದು ಕೆಂಡಕ್ಕೆ ಬಿತ್ತು, ಇನ್ನೊಂದರ ತುದಿ ಹೊತ್ತಿಕೊಂಡಿತು.

"ಬಿಡಲೇ, ಮುಟ್ಟಬ್ಯಾಡ," ಎನ್ನುತ್ತ ಪಕ್ಕೀರಪ್ಪ ಹೊರಗೆ ಬಂದ. "ಹಂಗ ತಿರುವ್ತಾರೇನು? ಆಟೋ ಹ್ಯಾಂಡಲ್ ಅನ್ಕಂಡಿಯಾ ಅದನ್ನ?"

ಇಕ್ಕಳ ಕಸಿದುಕೊಂಡು ಕುಕ್ಕರುಗಾಲಲ್ಲಿ ಕೂತ. ಬೆಂದ ಒಂದು ತುಂಡನ್ನು ಮೂಸಿ, ಬೆರಳಿನಿಂದ ಒತ್ತಿ ನೋಡಿ, ಹೆದರಿ ಹೆದರಿ ಬಾಯಿಗಿಟ್ಟ. ಊರಮ್ಮನ ಕೈಯ ಮೊರ ನಿಂತಿತ್ತು. ಕಟ್ಟೆಯ ಮೇಲೆ ತಾಯಕ್ಕ ಸೆರಗು ಕಚ್ಚಿಕೊಂಡಿದ್ದಳು. ಅವನು ನಿಧಾನವಾಗಿ ಅಗಿದ.

"ಬಾಳಿಕಾಯಿನ ಅನಸ್ತೈತಿ," ಎಂದ.

"ಮತ್ತ ಆನಿ ಅನಸ್ಬೇಕಿತ್ತೇನಲೇ?" ಎಂದ ಅಂಜಿನಿ.

ಪಕ್ಕೀರಪ್ಪ ನಕ್ಕ. ತಾಯಕ್ಕನ ಬಾಯಿಯಿಂದ ಸೆರಗು ಜಾರಿತು. "ಮಸ್ತ್ ಐತಿ ಬಿಡು," ಎಂದವನೇ ತನ್ನ ತಟ್ಟೆಗೊಂದು, ಗೆಳೆಯನ ತಟ್ಟೆಗೊಂದು ಕಡ್ಡಿ ಎತ್ತಿಟ್ಟ.

ಸ್ವಲ್ಪ ಹೊತ್ತಿಗೆ ಊರಮ್ಮ ನಮ್ಮ ಪಾಲಿನ ತಟ್ಟೆ ಹಿಡಿದು ಗೋಡೆಯ ಬಳಿ ಬಂದಳು. ಕಣ್ಣು ಕೆಂಪಗಿದ್ದವು, ಹೊಗೆಯಿಂದ ಎಂದಳು. ಹರಕೆ ಹೊತ್ತವರ ಕಥೆಯನ್ನು ಲೋಕ ಹೇಳಿಕೊಳ್ಳುತ್ತದೆ; ಆ ಹರಕೆಯ ಜೊತೆ ಒಂದೇ ಸೂರಿನಡಿ ಬಾಳುತ್ತ, ಅದು ಮುರಿಯದಂತೆಯೂ ಹೊತ್ತವನನ್ನು ಮುರಿಯದಂತೆಯೂ ದಿನದಿನವೂ ಬೇಯಿಸಿ ಬಡಿಸುವ ಇಂಥವರಿಗೆ ಕಥೆಗಳಲ್ಲಿ ಜಾಗ ಸಿಗುವುದು ಕಡಿಮೆ. ಅವರು ಅದನ್ನು ಕೇಳುವುದೂ ಇಲ್ಲ, ಕೇಳಲು ಪುರುಸೊತ್ತಿಲ್ಲ. ನನಗೆ ಕುತೂಹಲ ತಡೆಯಲಿಲ್ಲ. ಹಾಗಾದರೆ ಅವಳೂ ಖಂಡ ಬಿಟ್ಟುಬಿಟ್ಟಳೇ ಎಂದು ಕೇಳಿದೆ.

"ನಾ ಯಾಕ ಬಿಡ್ಲಿ ಅಣ್ಣಾರ, ಹರಕಿ ಅವ್ರದು. ಮಲಪನಗುಡಿಗೆ ನಮ್ಮವ್ವನ ಮನಿಗೆ ಹೋದಾಗ ನಾನು..."

"ಇದ್ದಲಿ ತಗೊಂಡು ಬಾ, ಜಲ್ದಿ," ಎಂದು ಪಕ್ಕೀರಪ್ಪನ ದನಿ ಕೇಳಿತು. "ಕಾಲುವಿ ದಂಡಿಗೆ ಬರ್ತಿದ್ದ ಹಂಪೇಶನೂ ಬರಾಕ ಹತ್ಯಾನಂತ."

ತಟ್ಟೆಯನ್ನು ಗೋಡೆಯ ಮೇಲಿಟ್ಟು, ಮಾತನ್ನು ಅಲ್ಲಿಯೇ ಬಿಟ್ಟು, ಅವಳು ಇದ್ದಿಲಿನ ಚೀಲದ ಕಡೆಗೆ ಹೊರಟೇಹೋದಳು.