ಕಿಡಿ ತಾಕದ ಜಾಗ

“ಲೇ ಚಲುವರಾಜು, ತಲೆ ಹಿಡ್ಕೊಳ್ಲಾ, ವಾಲ್ತಾ ಅದೆ,” ಎಂದು ಬೀದಿಯ ಹಿರಿಯ ಮರಿಯಯ್ಯ ಕೂಗಿದರು. ತಾವು ಮಾತ್ರ ಜಗುಲಿ ಬಿಟ್ಟು ಇಳಿಯಲಿಲ್ಲ.

ಹೊಟ್ಟೆಯುಬ್ಬಿ ಸತ್ತ ಕಮ್ಮಾರ ನರಸಯ್ಯನನ್ನು ಪಾಂಡವಪುರದ ಅವನ ಮನೆಯಂಗಳದಲ್ಲಿ ಹಲಗೆಯ ಮೇಲೆ ಗೋಡೆಗೊರಗಿಸಿ ಕೂರಿಸಲಾಗಿತ್ತು. ಹೆಂಡತಿ ಮೂಗಮ್ಮ ಒಬ್ಬಳೇ ಭುಜ ಹಿಡಿದಿದ್ದಳು. ಹಂಡೆಯ ನೀರು ಆರುತ್ತಿತ್ತು. ಮೀಯಿಸದೆ ಹೆಣ ಎತ್ತುವಂತಿಲ್ಲ, ಮೀಯಿಸಲು ಮುಟ್ಟಬೇಕು.

ನರಸಯ್ಯನ ತಮ್ಮ ಚಲುವರಾಜು ಬೆರಳಿಗೆ ಸುತ್ತಿದ ಬಟ್ಟೆ ತೋರಿಸಿದ. “ಕುಡ್ಲು ತಾಗ್ಬುಟ್ಟದೆ ಮಾವ.” ಪಕ್ಕದ ಮನೆಯ ಕರಿಯಪ್ಪನಿಗೆ ಮುಳ್ಳು ಚುಚ್ಚಿತ್ತು. ಇನ್ನೊಬ್ಬನಿಗೆ ಉಗುರುಸುತ್ತು. ಆವತ್ತು ಬೀದಿಯ ಗಂಡಸರಿಗೆಲ್ಲ ಒಟ್ಟಿಗೇ ಕೈ ಕೆಟ್ಟಿತ್ತು.

“ನಿಮ್ಮಣ್ಣ ಅಲ್ವೇನಪ್ಪಾ? ನಿನ್ ಮಗಳಿಗೋಸ್ಕರ ಆಸ್ಪತ್ರೆಗೋಗಿ ತಾನೇ ಈ ರೋಗದ ಹೆಸರು ಹೊತ್ಕೊಂಡಿದ್ದು?” ಎಂದಳು ಮೂಗಮ್ಮ.

ಚಲುವರಾಜು ಬೆರಳಿನ ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡ.

*

ತೊಂಬತ್ತಮೂರರಲ್ಲಿ ಸೀಮೆಎಣ್ಣೆ ಸ್ಟೌ ಸಿಡಿದು ಚಲುವರಾಜುವಿನ ಮಗಳು ರಂಜಿತಳ ಎದೆ, ಕೈ ಬೆಂದಿದ್ದವು. ಸದ್ಯಕ್ಕೆ ಗಾಯ ಮುಚ್ಚಲು ಮನೆಯವರ ಚರ್ಮ ಬೇಕು ಎಂದರು ಮೈಸೂರಿನ ಆಸ್ಪತ್ರೆಯಲ್ಲಿ. ಚಲುವರಾಜು ಬಾಗಿಲಲ್ಲೇ ನಿಂತ. ನರಸಯ್ಯ ಪಂಚೆ ಎತ್ತಿ ತೊಡೆ ತಟ್ಟಿಕೊಂಡ.

“ಕೈಯೆಲ್ಲ ಕಿಡಿ ಬಿದ್ದು ಕಲೆಯಾಗದೆ ಸಾ. ಇದೊಂದು ಜಾಗ ಬೆಂಕಿ ಕಂಡಿಲ್ಲ. ಎಷ್ಟ್ ಬೇಕೋ ಕುಯ್ಕೊಳ್ಳಿ.”

ಮೊದಲು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮ ರಕ್ತದಲ್ಲಿ ಕಾಮಾಲೆಯ ಸೋಂಕಿದೆ. ನಿಮಗೇ ಗೊತ್ತಾಗದ ಹಾಗೆ ಅಡಗಿದೆ. ಈ ಚರ್ಮ ಹಾಕಿದರೆ ಮಗುವಿಗೂ ಅಂಟುತ್ತೆ. ಮುಟ್ಟಿದರೆ, ಜೊತೇಲಿ ಉಂಡರೆ ಏನೂ ಆಗಲ್ಲ,” ಎಂದರು. ಕೊನೆಗೆ ರಂಜಿತಳ ತಾಯಿಯ ಚರ್ಮ ಹೊದಿಸಿದರು.

ಊರಿಗೆ ಬಂದ ನರಸಯ್ಯ ಸುಮ್ಮನಿರಬಹುದಿತ್ತು. ಆದರೆ ಯಾರ ದನಿಯನ್ನಾದರೂ ಇದ್ದ ಹಾಗೇ ಅಣಕಿಸುವ ಗಂಟಲು ಅವನದು. ಟೀ ಅಂಗಡಿಯಲ್ಲಿ ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಡಾಕ್ಟರ ದನಿಯಲ್ಲಿ, “ನರಸಯ್ಯನವರೇ, ಮಾಲು ಮೇಲೆ ಫಸ್ಟ್ ಕ್ಲಾಸು, ಒಳಗೆ ತುಕ್ಕು!” ಎಂದ. “ನನ್ ಚರ್ಮ ಕುಲುಮೆಗೆ ಗಾಳಿಯೂದೋ ತಿದಿ ಹೊಲಿಯಕ್ಕೂ ಆಗಲ್ವಂತೆ ಕಣ್ರಲಾ.”

ಜನ ಹೊಟ್ಟೆ ಹಿಡಿದು ನಕ್ಕರು. ನಕ್ಕವರೇ ಮನೆಗೆ ಹೋಗಿ ಯೋಚಿಸಿದರು: ಆಸ್ಪತ್ರೆಯವರೇ ಬೇಡವೆಂದ ಮೈಯನ್ನು ನಾವು ಮುಟ್ಟುವುದೆ?

ಮಾರನೆಯ ದಿನ ಅವನಿಗೆಂದೇ ಹಿಡಿಯಿರುವ ತಗಡಿನ ಲೋಟವೊಂದು ಅಂಗಡಿಯ ಹೊರಗೆ ಮೊಳೆಗೆ ತೂಗುತ್ತಿತ್ತು. ಮೊಳೆ ಅವನೇ ಬಡಿದುಕೊಟ್ಟದ್ದು. ಆಮೇಲೆ ಅವನು ಯಾರ ದನಿಯನ್ನೂ ಅಣಕಿಸಲಿಲ್ಲ.

*

“ದಾರಿ ಬುಡಿ,” ಎಂದು ರಂಜಿತ ಗಂಡಸರ ನಡುವೆ ನುಗ್ಗಿ ಬಂದಳು.

“ಮದ್ವೆಯಾಗ್ದಿರೋ ಹೆಣ್ಣು ಹೆಣ ಮುಟ್ಟಂಗಿಲ್ಲ ಕಣವ್ವಾ,” ಎಂದರು ಮರಿಯಯ್ಯ.

“ಮುಟ್ಟೋರು ಯಾರವ್ರೆ ತೋರ್ಸಿ ತಾತ, ಪಕ್ಕಕ್ಕೆ ನಿಂತ್ಕೋತೀನಿ.”

ಕರಿಯಪ್ಪ ಒಂದು ಹೆಜ್ಜೆ ಹಿಂದೆ ಸರಿದ.

“ದೊಡ್ಡವ್ವ, ನೀನು ನೀರು ಹುಯ್ಯಿ.” ಅವಳು ದೊಡ್ಡಪ್ಪನ ಎದುರು ಮಂಡಿಯೂರಿ ಸೀಗೆಪುಡಿ ಕಲಸಿದಳು. ತಲೆ ಮತ್ತೆ ವಾಲಿತು. ಚಲುವರಾಜು ಬೆರಳಿನ ಬಟ್ಟೆ ಬಿಚ್ಚಿ ಬಿಸಾಡಿದ. ಅಡಿಯಲ್ಲಿ ಗಾಯವಿರಲಿಲ್ಲ. ಬಂದು ಅಣ್ಣನ ತಲೆ ಹಿಡಿದ.

ನರಸಯ್ಯನ ಕೈಗಳ ಮೇಲೆ ಕಿಡಿಯ ಕಪ್ಪು ಚುಕ್ಕೆಗಳು ನೀರಿಗೆ ಮಿಂಚಿದವು. ಒದ್ದೆ ಪಂಚೆ ಸರಿದ ಕಡೆ ತೊಡೆ ನುಣುಪಾಗಿತ್ತು, ಒಂದೇ ಒಂದು ಕಲೆಯಿಲ್ಲ. ಅದರ ಮೇಲೆ ರಂಜಿತಳ ಸುಕ್ಕುಗಟ್ಟಿದ, ಪೂರ್ತಿ ಬಿಚ್ಚಲಾಗದ ಬೆರಳುಗಳು ಮೆಲ್ಲಗೆ ಸೀಗೆಪುಡಿ ತೀಡುತ್ತಿದ್ದವು.