ಅರ್ಧ ಲೋಟದ ಋಣ

ನಮ್ಮ ಪ್ರಯೋಗಾಲಯದ ಅಟೆಂಡರ್ ಎಲ್ಲರಿಗೂ ಲೋಟ ತುಂಬ ಚಹಾ ಕೊಡುತ್ತಿದ್ದ, ನನಗೆ ಮಾತ್ರ ಅರ್ಧ. ಒಂದಷ್ಟು ದಿನ ನೋಡಿದೆ. ಆಮೇಲೆ ಅವನಿಗೆ ಜಿಪುಣಪ್ಪ ಎಂದು ಹೆಸರಿಟ್ಟೆ. ಎಲ್ಲರ ಬಾಯಲ್ಲೂ ಅದೇ ಉಳಿಯಿತು.

"ಏನಪ್ಪ ಜಿಪುಣಪ್ಪ, ಉಳಿದರ್ಧ ಯಾರಿಗೆ ಕಟ್ಟಿಟ್ಟಿದ್ದೀಯ?"

"ಮೊದ್ಲು ಇದನ್ನ ಮುಗ್ಸಿ ಮೇಡಂ, ಇನ್ನರ್ಧ ತರ್ತೀನಿ," ಎನ್ನುತ್ತಿದ್ದ. ತರುತ್ತಲೂ ಇದ್ದ.

ನನ್ನದು ಹರಳು ಎತ್ತುವ ಕೆಲಸ. ವೈರಸ್ಸಿನಲ್ಲಿ ಕತ್ತರಿಯಂಥ ಒಂದು ಕಿಣ್ವವಿರುತ್ತದೆ. ಅದು ಉದ್ದನೆಯ ಪ್ರೋಟೀನನ್ನು ತುಂಡರಿಸಿಕೊಟ್ಟರೆ ಮಾತ್ರ ಹೊಸ ವೈರಸ್ ತಯಾರಾಗುವುದು. ಆ ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಕೂರುವ ಔಷಧಕ್ಕಾಗಿ ನಮ್ಮ ರಸಾಯನಶಾಸ್ತ್ರದ ಹುಡುಗಿ ನಾಲ್ಕು ವರ್ಷದಿಂದ ಹೆಣಗುತ್ತಿದ್ದಳು. ಔಷಧ ಎಲ್ಲಿ ಕಚ್ಚಿದೆ, ಎಲ್ಲಿ ಜಾರುತ್ತಿದೆ ಎಂದು ನೋಡಬೇಕಾದರೆ ಎರಡೂ ಸೇರಿ ಹರಳಾಗಬೇಕು, ಅದರೊಳಗೆ ಎಕ್ಸ್-ರೇ ಹಾಯಿಸಬೇಕು. ಎರಡನ್ನೂ ಬೆರೆಸಿಟ್ಟ ಮುನ್ನೂರು ಹನಿಗಳಲ್ಲಿ ಒಂದೇ ಒಂದು ಹರಳು ಬೆಳೆದಿತ್ತು, ಸಕ್ಕರೆ ಕಾಳಿಗಿಂತ ಚಿಕ್ಕದು. ಮರುದಿನ ಎಕ್ಸ್-ರೇ ಯಂತ್ರದಲ್ಲಿ ನಮ್ಮ ಸರದಿ. ತಪ್ಪಿದರೆ ಮತ್ತೆ ಒಂದು ವರ್ಷ. ಅಷ್ಟರಲ್ಲಿ ಅವಳ ಫೆಲೋಶಿಪ್ಪೇ ಮುಗಿದಿರುತ್ತಿತ್ತು.

"ನೀವಿದ್ದೀರಲ್ಲ ಆಂಟಿ, ನಂಗೇನ್ ಭಯ," ಎಂದು ಅವಳು ಹರಳನ್ನು ಹೆಪ್ಪುಗಟ್ಟಿಸಿಡಲು ದ್ರವ ಸಾರಜನಕ ತರಲು ಹೋದಳು.

ಹನಿಯಿಂದ ಹರಳನ್ನು ಎತ್ತಲು ಸೂಕ್ಷ್ಮದರ್ಶಕದಡಿ ಕೂದಲೆಳೆಯಂಥ ನೈಲಾನ್ ಕುಣಿಕೆ ಹಿಡಿದೆ. ಅದು ಹನಿಯ ಮೇಲೆ ಗಡಗಡ ಅಲುಗಿತು. ತಿಂಗಳುಗಟ್ಟಲೆ ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ನನ್ನ ಕೈನಡುಕ.

ಚಹಾ ತಂದ ಜಿಪುಣಪ್ಪ ನೋಡಿದ, ಹೊರಗೆ ಹೋದ. ಬಟ್ಟೆ ಸುತ್ತಿದ ಮರದ ತುಂಡೊಂದನ್ನು ತಂದು ನನ್ನ ಮಣಿಕಟ್ಟಿನಡಿ ಇಟ್ಟ. ಅಳತೆ ತೆಗೆದು ಮಾಡಿಸಿದಂತಿತ್ತು.

"ಮಾಡಿ ಎರಡು ತಿಂಗಳಾಯ್ತು ಮೇಡಂ. ಕೊಟ್ರೆ ಬೇಜಾರ್ ಮಾಡ್ಕೋತೀರೇನೋ ಅಂತ ಇಟ್ಕೊಂಡಿದ್ದೆ."

"ನಿಂಗ್ ಹೇಗೆ ಗೊತ್ತಾಯ್ತು?"

"ತುಂಬಿದ್ ಲೋಟ ನಿಮ್ ಕೈಲಿ ತುಳುಕ್ತಿತ್ತು. ಅರ್ಧ ಇದ್ರೆ ಯಾರಿಗೂ ಕಾಣಲ್ಲ."

ಮೂರನೆಯ ಪ್ರಯತ್ನಕ್ಕೆ ಹರಳು ಕುಣಿಕೆಯಲ್ಲಿ ಬಂದು ಕೂತಿತು.

ಮರುದಿನ ಎಕ್ಸ್-ರೇಯಿಂದ ಸಿಕ್ಕ ಚಿತ್ರದಲ್ಲಿ ಔಷಧದ ಒಂದು ತುದಿ ಕತ್ತರಿಯ ಬಾಯಿಂದಾಚೆ ನೇತಾಡುತ್ತಿತ್ತು. ಒಳಗೆ ಪಕ್ಕದಲ್ಲೇ ಒಂದು ಮೂಲೆ ಖಾಲಿ. ಹುಡುಗಿ ಆ ಮೂಲೆಗೆ ಹೊಂದುವಂತೆ ತುದಿಯನ್ನು ಬದಲಿಸಿದಳು. ಅದು ಮಾತ್ರೆಯಾಗಿ ಅಂಗಡಿಗೆ ಬರಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. ಕಳೆದ ತಿಂಗಳು ಅದೇ ವೈರಸ್ಸಿನ ಜ್ವರದಲ್ಲಿ ಮಲಗಿದ್ದಾಗ ಸೊಸೆ ನನಗೂ ಅದನ್ನೇ ನುಂಗಿಸಿದಳು. ಎದ್ದು ಕೂತಿದ್ದೇನೆ.

ಹರಳು ಎತ್ತಿದ ಆ ಸಂಜೆಯೇ ಅವನಿಗೆ ಹೇಳಿದ್ದೆ: "ಇನ್ಮೇಲೆ ನಿನ್ನ ಧಾರಾಳಪ್ಪ ಅಂತೀನಿ ಕಣಪ್ಪ."

"ಬೇಡ ಮೇಡಂ, ಹಳೇದೇ ಇರ್ಲಿ," ಎಂದ. "ಹೆಸ್ರು ಬದಲಾದ್ರೆ ಯಾಕೆ ಅಂತ ಎಲ್ರೂ ಕೇಳ್ತಾರೆ."

ನಾನು ನಿವೃತ್ತಳಾಗುವವರೆಗೂ ಅವನು ಜಿಪುಣಪ್ಪನಾಗಿಯೇ ಉಳಿದ.